ಹಿಂದಿನ ಸೀಟಿಗೊಂದು ಪ್ಯಾಂಟು

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನೂ ನನ್ನ ಹೆಂಡತಿ ಸುಮಂಗಲೆಯೂ ಅಟ್ಟೂರಿನ ಮನೆಯಿಂದ ಹೊರಟೆವು. ಅವಳಿಗೊಂದು ರೈಡಿಂಗ್ ಪ್ಯಾಂಟ್ ಕೊಳ್ಳುವುದಿತ್ತು. ಮೋಟರ್ ಸೈಕಲ್ ಓಡಿಸುವವರು ಹಾಕಿಕೊಳ್ಳುವ ದಪ್ಪ ಬಟ್ಟೆಯ ಪ್ಯಾಂಟ್ ಅದು. ಮೊಣಕಾಲಿಗೂ ಸೊಂಟದ ಎರಡು ಬದಿಗೂ ಒಳಗಿನಿಂದ ಪ್ಯಾಡ್ ಇರುತ್ತದೆ. ಆರ್.ಟಿ. ನಗರದಲ್ಲಿ ಒಂದು ಅಂಗಡಿ, ಯಶವಂತಪುರದಲ್ಲಿ ಒಂದು, ಹೀಗೆ ಎರಡನ್ನು ಗುರುತು ಹಾಕಿಕೊಂಡಿದ್ದೆ. ಬೈಕ್ ತೆಗೆಯಲೇ ಎಂದು ನಾನು ಕೇಳಲಿಲ್ಲ. ಅವಳೇ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟಿದ್ದಳು: "ಬಸ್ಸಿಗಾದ್ರ ಬರ್ತೀನಿ."

ನಾವಿಬ್ಬರೂ ಗದಗಿನ ಕಡೆಯವರು. ನಾನು ಮತ್ತಿಕೆರೆಯ ಹತ್ತಿರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಅವಳು ಯಲಹಂಕದ ಶಾಲೆಯೊಂದರ ಆಫೀಸಿನಲ್ಲಿದ್ದಾಳೆ. ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಬಹುದಿನದ ಆಸೆಯಿಂದ ದೊಡ್ಡ ಬೈಕ್ ಕೊಂಡೆ. ಬೈಕಿಗಿಂತ ಹೆಚ್ಚು ದಿನ ನನ್ನ ರೈಡಿಂಗ್ ಪ್ಯಾಂಟ್ ಹುಡುಕಿದ್ದೆ. ನಿಂತು ನೋಡಿದರೆ ಸಾಲದು, ಕೂತು ನೋಡಬೇಕು, ಕೂತಾಗ ಪ್ಯಾಡ್ ಮಂಡಿಚಿಪ್ಪಿನ ಮೇಲೆಯೇ ನಿಲ್ಲಬೇಕು, ಪಾದದಿಂದ ಮೇಲಕ್ಕೆ ಬಟ್ಟೆ ಏರಬಾರದು ಎಂದೆಲ್ಲ ಓದಿ ತಿಳಿದುಕೊಂಡಿದ್ದೆ. ಅದನ್ನು ಮನೆಗೆ ತಂದ ದಿನ ಸುಮಂಗಲೆ ಕೈಯಲ್ಲಿ ಎತ್ತಿ ತೂಗಿ ನೋಡಿ, "ಇದ ಪ್ಯಾಂಟ್ ಅಲ್ರಿ, ಕೌದಿ," ಎಂದು ನಕ್ಕಿದ್ದಳು. ಅವಳಿಗೂ ಒಂದು ಬೇಕಾದೀತೆಂದು ನನಗೆ ಹೊಳೆಯಲಿಲ್ಲ. ಹೆಲ್ಮೆಟ್ ಕೊಡಿಸಿದ್ದೆ, ಅಷ್ಟು ಸಾಕೆಂದುಕೊಂಡಿದ್ದೆ.

ಕಳೆದ ಸೆಪ್ಟೆಂಬರಿನಲ್ಲಿ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗುವಾಗ ಕೊಡಿಗೆಹಳ್ಳಿಯ ಹತ್ತಿರ ನಮ್ಮ ಬೈಕ್ ಮರಳಿನ ಮೇಲೆ ಜಾರಿ ಬಲಕ್ಕೆ ಬಿತ್ತು. ಇಬ್ಬರ ಬಲಗಾಲೂ ರಸ್ತೆಗೆ ಉಜ್ಜಿಕೊಂಡು ಹೋಯಿತು. ನಾನು ಎದ್ದು ನಿಂತು ಧೂಳು ಕೊಡವಿಕೊಂಡೆ. ಪ್ಯಾಂಟಿನ ಮಂಡಿಯ ಬಳಿ ಬಟ್ಟೆ ಸವೆದಿತ್ತು, ಚರ್ಮ ತರಚಿರಲಿಲ್ಲ. ಅವಳು ಎದ್ದೇಳಲಿಲ್ಲ. ತೆಳ್ಳನೆಯ ಚೂಡಿದಾರದ ಬಟ್ಟೆ ಎಲ್ಲಿ ಮುಗಿಯಿತು, ಕಾಲು ಎಲ್ಲಿ ಶುರುವಾಯಿತು ಎಂದು ತಿಳಿಯುವಂತಿರಲಿಲ್ಲ. ಎರಡು ಆಪರೇಷನ್, ತೊಡೆಯಿಂದ ಚರ್ಮ ತೆಗೆದು ಮಂಡಿಗೆ ಹಾಕಿದ್ದು, ನಾಲ್ಕು ತಿಂಗಳ ವ್ಯಾಯಾಮ, ಇಷ್ಟೆಲ್ಲ ಆದ ಮೇಲೂ ಕಾಲು ಅರ್ಧದಷ್ಟು ಮಾತ್ರ ಮಡಚುತ್ತಿತ್ತು. ಅವಳು ಮತ್ತೆ ನನ್ನ ಹಿಂದೆ ಕೂತರೆ ಎಲ್ಲ ಮೊದಲಿನಂತಾದೀತೆಂಬ ಆಸೆ ನನ್ನಲ್ಲಿತ್ತು. ಈ ಪ್ರಯಾಣಕ್ಕೆ ಹೊರಟದ್ದು ಅದೇ ಆಸೆಯಿಂದ.

ಬಸ್ಸು ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಹತ್ತು ಗಂಟೆಗೇ ಬಿಸಿಲು ಚುರುಕಾಗಿತ್ತು. ಹೆಂಗಸರಿಗೆ ಟಿಕೆಟ್ ಉಚಿತ. ಕಂಡಕ್ಟರ್ ಅವಳಿಗೆ ಸೊನ್ನೆಯ ಚೀಟಿ ಕೊಟ್ಟು ನನ್ನಿಂದ ಇಪ್ಪತ್ತೈದು ರೂಪಾಯಿ ತೆಗೆದುಕೊಂಡ. ಅವಳು ಮುಂದೆ ಅಂಚಿನ ಸೀಟಿನಲ್ಲಿ ಕೂತು ಬಲಗಾಲನ್ನು ನಡುವಿನ ದಾರಿಗೆ ಚಾಚಿಕೊಂಡಳು. ಹತ್ತುವವರು ಇಳಿಯುವವರು ಅದನ್ನು ದಾಟಿ ಹೋಗಬೇಕಿತ್ತು. ಒಬ್ಬಾಕೆ, "ಕಾಲ್ ಒಳಗ್ ಹಾಕ್ಕೊಳ್ರೀ," ಎಂದು ಗದರಿದಳು. ಸುಮಂಗಲೆ ಎರಡೂ ಕೈಯಿಂದ ಮಂಡಿಯನ್ನು ಹಿಡಿದು ಸ್ವಲ್ಪ ಓರೆ ಮಾಡಿಕೊಂಡಳು. ಜಕ್ಕೂರು ದಾಟಿ ಕೊಡಿಗೆಹಳ್ಳಿ ಬಂದಾಗ ನಾನು ಎಡಗಡೆಯ ಕಿಟಕಿಯತ್ತ ಮುಖ ತಿರುಗಿಸಿದೆ. ಅವಳು ನೋಡಿದಳೋ ಇಲ್ಲವೋ ಹಿಂದಿನಿಂದ ಕಾಣಲಿಲ್ಲ.

ಹೆಬ್ಬಾಳದಲ್ಲಿ ಇಳಿದು ಆಟೋ ಹಿಡಿದೆವು. ಆರ್.ಟಿ. ನಗರದ ಅಂಗಡಿ ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹದಿನೆಂಟು ಮೆಟ್ಟಿಲು. ಮೊದಲೇ ವಿಚಾರಿಸಬೇಕಿತ್ತು, ವಿಚಾರಿಸಿರಲಿಲ್ಲ. ಅವಳು ಕಂಬಿ ಹಿಡಿದು ಎಡಗಾಲು ಮೇಲಿಟ್ಟು, ಬಲಗಾಲನ್ನು ಎಳೆದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲೆ ಹೋದರೆ ಅಂಗಡಿಯವನು ಸಂಕೋಚದಿಂದ ತಲೆ ಕೆರೆದುಕೊಂಡ.

"ಲೇಡೀಸ್ ಸೈಜ್ ಸ್ಟಾಕ್ ಇಡಲ್ಲ ಸಾರ್. ಮೇಡಂ ಗಾಡಿ ಓಡಿಸ್ತಾರಾ?"

"ಇಲ್ಲ, ಹಿಂದೆ ಕೂರ್ತಾರೆ."

"ಹಿಂದೆ ಕೂರೋರಿಗೆ ಯಾರೂ ಕೇಳಲ್ಲ ಸಾರ್. ನೀವೇ ಮೊದಲು." ಅವನು ಹೊಗಳಿಕೆಯಾಗಿಯೇ ಹೇಳಿದ. ಸುಮಂಗಲೆ ಗೋಡೆಗೆ ತೂಗುಹಾಕಿದ್ದ ಪ್ಯಾಂಟುಗಳನ್ನು ನೋಡುತ್ತ ನಿಂತಿದ್ದಳು. ಅವಳಿಗೆ ಕುರ್ಚಿ ಕೊಡಿ ಎಂದು ನಾನು ಕೇಳುವ ಹೊತ್ತಿಗೆ ಅವಳು ಮೆಟ್ಟಿಲಿನತ್ತ ಹೊರಟಾಗಿತ್ತು.

ಮೇಖ್ರಿ ವೃತ್ತದ ದಟ್ಟಣೆಯಲ್ಲಿ ಆಟೋ ಹದಿನೈದು ನಿಮಿಷ ನಿಂತಿತು. ಯಶವಂತಪುರ ಮುಟ್ಟುವಾಗ ಹನ್ನೆರಡು ದಾಟಿತ್ತು. ಈ ಅಂಗಡಿ ನೆಲಮಹಡಿಯಲ್ಲೇ ಇತ್ತು, ದೊಡ್ಡದಾಗಿಯೂ ಇತ್ತು. ಒಳಗೆ ತಣ್ಣಗೆ ಏಸಿ. ನಡುವೆ ಒಂದು ಬೈಕನ್ನು ಅಲುಗದಂತೆ ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿದ್ದರು. ಪ್ಯಾಂಟ್ ಹಾಕಿಕೊಂಡವರು ಅದರ ಮೇಲೆ ಕೂತು, ಎದುರಿನ ಗೋಡೆಯುದ್ದದ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಮಾರಾಟದವನು ಮೂವತ್ತರ ಸುಮಾರಿನ ಸೌಮ್ಯ ಮನುಷ್ಯ. ವಿಷಯವನ್ನೆಲ್ಲ ಕೇಳಿ, ಗಂಡಸರ ಅತಿ ಸಣ್ಣ ಅಳತೆಯದೊಂದು ತಂದ. ಟ್ರಯಲ್ ರೂಮಿಗೆ ಹೋದವಳು ಬಹಳ ಹೊತ್ತಾದರೂ ಹೊರಬರಲಿಲ್ಲ.

"ಸುಮಾ, ಏನಾತು?"

"ಮಣಕಾಲ ಮ್ಯಾಲೆ ಹತ್ತವಲ್ದು."

ಅವನು ಇನ್ನೊಂದು ತಂದ. ಸೊಂಟದಿಂದ ಪಾದದವರೆಗೆ ಎರಡೂ ಬದಿಗೆ ಜಿಪ್ ಇದ್ದ ಜಾಲರಿ ಬಟ್ಟೆಯ ಪ್ಯಾಂಟ್ ಅದು. ಹಾಕಿಕೊಂಡ ಬಟ್ಟೆಯ ಮೇಲೆಯೇ ಸುತ್ತಿಕೊಳ್ಳಬಹುದು. ಅದನ್ನು ತೊಟ್ಟು ಅವಳು ಹೊರಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಬಲಮಂಡಿಯ ಪ್ಯಾಡ್ ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿದಿತ್ತು.

"ಕೂತ್ರೆ ಸರಿಯಾಗುತ್ತೆ ಮೇಡಂ," ಎಂದ ಅವನು. "ಸಾರ್ ಮುಂದೆ ಕೂರ್ಲಿ, ನೀವು ಹಿಂದೆ ಕೂತು ನೋಡಿ. ಗಾಡಿ ಅಲ್ಲಾಡಲ್ಲ."

ನಾನು ಹತ್ತಿ ಕೂತು ಹ್ಯಾಂಡಲ್ ಹಿಡಿದೆ. ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಎಡಗಡೆಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು. ಏಳು ತಿಂಗಳಿನ ನಂತರ ಆ ಕೈ ಅಲ್ಲಿಗೆ ಬಂದಿತ್ತು. ಬಲಗಾಲನ್ನು ಸೀಟಿನ ಮೇಲಿಂದ ದಾಟಿಸಲು ಮೂರು ಸಲ ಪ್ರಯತ್ನಿಸಿದಳು. ಕೊನೆಗೆ ಮಾರಾಟದವನೇ ಬಗ್ಗಿ ಅವಳ ಪಾದ ಹಿಡಿದು ಆಚೆ ದಾಟಿಸಿದ. ಅವಳು ಕೂತಳು. ಎದುರಿನ ಕನ್ನಡಿಯಲ್ಲಿ ನೋಡಿದೆ. ಅವಳ ಎಡಗಾಲು ಕಾಲಿಡುವ ಕಡ್ಡಿಯ ಮೇಲಿತ್ತು. ಬಲಗಾಲು ತನ್ನ ಬದಿಯ ಕಡ್ಡಿಗೆ ಹಿಂದಕ್ಕೆ ಮಡಚಿ ಬರಲಾರದೆ ಬೈಕಿನ ಬದಿಯಲ್ಲಿ ಕೋಲಿನ ಹಾಗೆ ಮುಂದಕ್ಕೆ ಚಾಚಿಕೊಂಡಿತ್ತು. ಎಂಟು ಸಾವಿರ ಬೆಲೆಯ ಪ್ಯಾಂಟಿನ ಪ್ಯಾಡ್ ಮಂಡಿಯನ್ನು ಬಿಟ್ಟು ತೊಡೆಯ ಮೇಲೆ ಕೂತಿತ್ತು. ಅಂಗಡಿಯಲ್ಲಿದ್ದ ಮೂರ್ನಾಲ್ಕು ಗಿರಾಕಿಗಳು ನಮ್ಮತ್ತ ತಿರುಗಿದರು.

"ಸ್ವಲ್ಪ ಮಡಚು, ಇನ್ನ ಒಂಚೂರು," ಎಂದೆ ನಾನು.

ಕನ್ನಡಿಯಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. "ಇಳಸ್ರಿ ನನ್ನ," ಎಂದಳು, ಮೆಲ್ಲಗೆ.

ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಬೇಕಿತ್ತು. ಆದರೆ ಮಾರಾಟದವನು ನನ್ನನ್ನು ಬದಿಗೆ ಕರೆದು, ನಾಗಸಂದ್ರದಲ್ಲಿ ಗಂಡ ಹೆಂಡತಿ ಸೇರಿ ಅಳತೆ ತೆಗೆದುಕೊಂಡು ಇಂಥ ಪ್ಯಾಂಟ್ ಹೊಲಿದುಕೊಡುತ್ತಾರೆ, ಮೆಟ್ರೋ ನಿಲ್ದಾಣದ ಹಿಂದಿನ ಬೀದಿ, ಎಂದು ಹೇಳಿದ. ನಾನು ಅದನ್ನು ಹಿಡಿದುಕೊಂಡೆ. ಮತ್ತಿಕೆರೆಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಾಗ ಅವಳಿಗೆ ಹೇಳಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಮ್ಮ ಊರಿನ ರುಚಿಗೆ ತೀರ ಹತ್ತಿರ. ಅವಳು ಒಂದೇ ರೊಟ್ಟಿ ತಿಂದಳು.

"ನಡೀರಿ, ಅದನೂ ನೋಡೇ ಬಿಡೂಣು," ಎಂದಳು. ಒಪ್ಪಿಗೆಯೆಂದುಕೊಂಡೆ.

ಯಶವಂತಪುರದಿಂದ ನಾಗಸಂದ್ರಕ್ಕೆ ಮೆಟ್ರೋದಲ್ಲಿ ಹೆಚ್ಚು ಹೊತ್ತು ಬೇಕಾಗಲಿಲ್ಲ. ಲಿಫ್ಟ್ ಇದ್ದುದರಿಂದ ಮೆಟ್ಟಿಲಿನ ಕಷ್ಟವೂ ಇರಲಿಲ್ಲ. ಪೀಣ್ಯದ ಕಾರ್ಖಾನೆಗಳ ತಗಡಿನ ಮಾಡುಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಅವಳು ಕಣ್ಣು ಮುಚ್ಚಿ ಕೂತಿದ್ದಳು. ನಾನು ಫೋನಿನಲ್ಲಿ ಮೆತ್ತನೆಯ ಪ್ಯಾಡುಗಳ ಬಗ್ಗೆ ಓದುತ್ತಿದ್ದೆ.

ಹೊಲಿಗೆಯ ಅಂಗಡಿಯಲ್ಲಿ ಗಂಡ ಇರಲಿಲ್ಲ, ಹೆಂಡತಿ ಜಯಮ್ಮ ಒಬ್ಬರೇ ಇದ್ದರು. ನಾಗಸಂದ್ರದ ಹಳೇ ಊರಿನವರೇ, ಐವತ್ತು ದಾಟಿದವರು. ಸೀಟ್ ಕವರಿನ ರಾಶಿ ಸರಿಸಿ ಬೆಂಚು ಖಾಲಿ ಮಾಡಿಕೊಟ್ಟು, "ಇಂಗ್ ಕಾಲ್ ಚಾಚ್ಕಂಡ್ ಕೂತ್ಕಳಿ ಅಕ್ಕ," ಎಂದರು. ಟೇಪಿನಿಂದ ಎಡಮಂಡಿ ಅಳೆದು, ಬಲಮಂಡಿ ಅಳೆದು, ಮತ್ತೊಮ್ಮೆ ಬಲಮಂಡಿ ಅಳೆದರು. ಎರಡಕ್ಕೂ ಎರಡು ಇಂಚು ವ್ಯತ್ಯಾಸ. ಬಟ್ಟೆಯ ಮೇಲಿನಿಂದಲೇ ಬೆರಳಲ್ಲಿ ಮುಟ್ಟಿ ನೋಡಿದರು. ಸುಮಂಗಲೆ ತುಟಿ ಕಚ್ಚಿದಳು.

"ನೋಯ್ತದಾ?"

"ನೋಯ್ತೈತಿ."

"ಎಂಗಾಯ್ತಕ್ಕ ಇದು?"

ಈ ಪ್ರಶ್ನೆಗೆ ಏಳು ತಿಂಗಳಿನಿಂದ ನಾನೇ ಉತ್ತರ ಹೇಳಿಕೊಂಡು ಬಂದಿದ್ದೆ. ಆಸ್ಪತ್ರೆಯಲ್ಲಿ, ಪೊಲೀಸರಿಗೆ, ಊರಿನ ಎರಡೂ ಮನೆಯವರಿಗೆ. ಈಗಲೂ ಬಾಯಿ ತೆರೆದೆ: "ಲಾರಿಯಿಂದ ರಸ್ತೆ ಮೇಲೆ ಮರಳು ಚೆಲ್ಲಿತ್ತು..."

"ಮರಳ ಇತ್ತು, ಖರೇ," ಎಂದಳು ಸುಮಂಗಲೆ. ಅವಳು ಜಯಮ್ಮನವರ ಮುಖವನ್ನೇ ನೋಡಿಕೊಂಡು ಹೇಳುತ್ತಿದ್ದಳು. "ಹೈಸ್ಕೂಲ ಹುಡುಗಿ ಇದ್ದಾಗಿಂದ ಗಾಡಿ ಹಿಂದ ಕೂತೀನ್ರಿ ನಾನು, ಮೊದಲ ಅಪ್ಪನ ಹಿಂದ, ಆಮ್ಯಾಲೆ ಇವರ ಹಿಂದ. ಇವರೂ ಸಾವಕಾಶನ ಹೊಡೀತಿದ್ರು. ಆ ದಪ್ಪ ಪ್ಯಾಂಟ್ ತಂದ ಮ್ಯಾಲೆ ಜೋರ ಹೊಡ್ಯಾಕ ಹತ್ತಿದ್ರು. ಬಿದ್ರೂ ಏನ ಆಗಂಗಿಲ್ಲ ಅನ್ನೂ ಧೈರ್ಯ. ಇವರಿಗೆ ಆಗಲೂ ಇಲ್ಲ."

ಜಯಮ್ಮ ನನ್ನತ್ತ ನೋಡಲಿಲ್ಲ. ಟೇಪನ್ನು ಸುರುಳಿ ಸುತ್ತಿ ಹೊಲಿಗೆ ಮಷೀನಿನ ಮೇಲಿಟ್ಟರು.

"ಒಲ್ಕೊಡ್ಬೌದು ಅಕ್ಕ, ಎರಡ್ ಕಾಲ್ಗೂ ಬೇರೆ ಬೇರೆ ಅಳ್ತೆ ಇಟ್ಟು ಒಲ್ಕೊಡ್ಬೌದು. ಆದ್ರೆ ಈ ಮಂಡಿ ಮ್ಯಾಲೆ ಗಟ್ಟಿ ಪ್ಯಾಡ್ ಇಕ್ಕುದ್ರೆ ಒತ್ತಿ ಒತ್ತಿ ಗಾಯ ಆಯ್ತದೆ. ಮೆತ್ತಗಿರೋದ್ ಇಕ್ಕುದ್ರೆ ಬಿದ್ದಾಗ ತಡೆಯಾಕಿಲ್ಲ. ದುಡ್ ಇಸ್ಕಂಡು ಸುಳ್ ಏಳಾಕಾಗಲ್ಲ ನಂಗೆ."

"ಬ್ಯಾಡ ಬಿಡ್ರಿ ಅಕ್ಕಾರ," ಎಂದು ಸುಮಂಗಲೆ ಬೆಂಚಿನ ಅಂಚು ಹಿಡಿದು ಎದ್ದಳು. "ಖರೇ ಹೇಳಿದ್ರಿ, ಅಷ್ಟ ಸಾಕು." ಜಯಮ್ಮ ಅಳತೆಗೆ ಏನೂ ತೆಗೆದುಕೊಳ್ಳಲಿಲ್ಲ. ಕುಡಿಯಲು ನೀರು ಕೊಟ್ಟರು, ಅವಳಿಗೆ ಮಾತ್ರ. ನನ್ನನ್ನು ಮರೆತರೋ ಏನೋ. ನನಗೂ ಬಾಯಾರಿಕೆಯಾಗಿತ್ತು, ಕೇಳುವ ಧೈರ್ಯವಾಗಲಿಲ್ಲ.

ಮೆಟ್ರೋದಲ್ಲಿ ಎರಡು ನಿಲ್ದಾಣ ಹಿಂದಕ್ಕೆ ಬಂದು ಜಾಲಹಳ್ಳಿ ಕ್ರಾಸಿನಲ್ಲಿ ಅಟ್ಟೂರಿನ ಬಸ್ಸಿಗೆ ಕಾಯುತ್ತ ನಿಂತೆವು. ತಂಗುದಾಣದಲ್ಲಿ ನೆರಳಿತ್ತು, ಕೂರಲು ಜಾಗವಿರಲಿಲ್ಲ. ಅವಳು ಕಂಬಕ್ಕೆ ಒರಗಿ ಎಡಗಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ನಾನು ಕೇಳಿದೆ.

"ಜೋರ ಹೊಡೀತೀನಿ ಅಂತ ಆಗ ಯಾಕ ಹೇಳಲಿಲ್ಲ ನೀ?"

"ಹೇಳಿದ್ನಲ್ರಿ. ಅವತ್ತ ಎರಡ ಸಲ ಬೆನ್ನ ತಟ್ಟಿದೆ."

ತಟ್ಟಿದ್ದು ನಿಜ. ಜಕ್ಕೂರು ದಾಟಿದ ಮೇಲೆ ಒಮ್ಮೆ, ಕೊಡಿಗೆಹಳ್ಳಿಗೆ ಸ್ವಲ್ಪ ಮುಂಚೆ ಇನ್ನೊಮ್ಮೆ. ಅವಳಿಗೆ ಖುಷಿಯಾಗಿದೆ ಎಂದುಕೊಂಡು ನಾನು ಎರಡನೆಯ ಸಲ ಇನ್ನಷ್ಟು ವೇಗ ಕೊಟ್ಟಿದ್ದೆ. ಆ ಕ್ಷಣ ನನಗೆ ಚೆನ್ನಾಗಿ ನೆನಪಿತ್ತು. ಏಳು ತಿಂಗಳು ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

"ತಪ್ಪಾತು ಸುಮಾ," ಎಂದೆ.

"ಹೂಂ," ಎಂದಳು. ಸಿಟ್ಟಿನ ದನಿಯಲ್ಲ. ಹೊತ್ತೆಷ್ಟಾಯಿತೆಂದು ಕೇಳಿ ತಿಳಿದುಕೊಂಡವರು ಅನ್ನುವಂಥ ಹೂಂ. ಆಮೇಲೆ ಅಂದಳು: "ಇನ್ನ ಮ್ಯಾಲೆ ನನ್ನ ಗಾಡಿ ಹತ್ತು ಅನ್ನಬ್ಯಾಡ್ರಿ. ಪ್ಯಾಂಟ್ ಹುಡುಕೂದೂ ಬ್ಯಾಡ. ನಿಮ್ಮ ಹಿಂದ ಕೂಡ್ರಾಕ ನನಗ ಮನಸಿಲ್ಲ."

ಬಸ್ಸು ಬಂತು, ತುಂಬಿಕೊಂಡೇ ಬಂತು. ಅವಳು ಮುಂಬಾಗಿಲಿನಿಂದ ಹತ್ತಿದಳು, ನಾನು ಹಿಂಬಾಗಿಲಿನಿಂದ. ಗಂಗಮ್ಮನ ಗುಡಿ ಸರ್ಕಲ್ಲಿನಲ್ಲಿ ಇನ್ನಷ್ಟು ಜನ ಹತ್ತಿದರು. ಎಂ.ಎಸ್. ಪಾಳ್ಯ ದಾಟುವವರೆಗೂ ತಲೆಗಳ ನಡುವೆ ಅವಳ ಮುಡಿ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು. ನಮ್ಮ ನಿಲ್ದಾಣ ಬಂದಾಗ ನಾನು ಜನರನ್ನು ಸರಿಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಕಿಟಕಿಯಿಂದ ನೋಡಿದೆ. ಯಾರೋ ಒಬ್ಬ ಹೆಂಗಸು ಅವಳ ತೋಳು ಹಿಡಿದು ರಸ್ತೆಯ ಅಂಚಿಗೆ ದಾಟಿಸುತ್ತಿದ್ದಳು. ಸುಮಂಗಲೆ ಬಸ್ಸಿನತ್ತ ತಿರುಗಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಳಿದು ಬಿರಬಿರನೆ ಹಿಂದಕ್ಕೆ ನಡೆದೆ. ಸಂಜೆ ಐದೂಕಾಲು, ಬಿಸಿಲು ಇನ್ನೂ ಇಳಿದಿರಲಿಲ್ಲ. ನಮ್ಮ ಲೇಔಟಿನ ತಿರುವಿಗೆ ಬಂದಾಗ ಅವಳು ಅರ್ಧ ದಾರಿಯಲ್ಲಿದ್ದಳು, ನನಗಿಂತ ಮೂವತ್ತು ಹೆಜ್ಜೆ ಮುಂದೆ. ಓಡಿದ್ದರೆ ಆ ಕ್ಷಣವೇ ಸೇರಿಬಿಡಬಹುದಿತ್ತು. ಸೇರಿ ಏನು ಮಾತಾಡುವುದೆಂದು ತಿಳಿಯಲಿಲ್ಲ. ಒಂದು ಮನೆಯ ಕಾಂಪೌಂಡಿಗೆ ಕೈಯೂರಿ ಅವಳು ಸುಧಾರಿಸಿಕೊಳ್ಳಲು ನಿಂತಳು. ನಾನೂ ನಿಂತೆ. ಅವಳು ಮತ್ತೆ ಹೊರಟಳು. ಅವಳು ಮನೆಯ ಬಾಗಿಲು ತೆಗೆದು ಒಳಗೆ ಹೋಗುವಷ್ಟು ಹೊತ್ತು ಬಿಟ್ಟು ನಾನು ಹೊರಟೆ.