ಏಳು ಒಂದುಗಳು

ಆಳಂದದ ಪ್ರೌಢಶಾಲೆಯಲ್ಲಿ ಬಹಳ ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಸುತ್ತಲಿನ ತಾಲ್ಲೂಕುಗಳ ಶಿಕ್ಷಕರಿಗೆ ತರಬೇತಿ ಕೊಡಲು ನನ್ನನ್ನೇ ಕರೆಯುತ್ತಾರೆ. ಆ ಸಲ ಅಫಜಲಪುರದಲ್ಲಿ ಎರಡು ದಿನದ ತರಬೇತಿ. ಮೊದಲ ದಿನ ಅವಿಭಾಜ್ಯ ಸಂಖ್ಯೆಗಳ ಪಾಠ ಮಾಡುವಾಗ ಹಲಗೆಯ ಮೇಲೆ ಸಾಲಾಗಿ ಏಳು ಒಂದು ಬರೆದೆ: 11,11,111. ಮೂರರಿಂದ ಭಾಗಿಸಿದರೆ ಶೇಷ ಒಂದು. ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ ಭಾಗಿಸಿದರೂ ಶೇಷ ಒಂದೇ. ಆ ಚಂದಕ್ಕೆ ನಾನೇ ಮರುಳಾಗಿ, "ನೋಡ್ರಿ, ಇದು ಯಾವುದಕ್ಕೂ ಜಗ್ಗಂಗಿಲ್ಲ. ಅವಿಭಾಜ್ಯ," ಎಂದುಬಿಟ್ಟೆ.

ಹಿಂದಿನ ಬೆಂಚಿನಿಂದ ಜೇವರ್ಗಿ ಕಡೆಯ ಹೊಸ ಶಿಕ್ಷಕಿಯೊಬ್ಬರು ಎದ್ದು ನಿಂತರು. "ಸರ್, ಅದು 239ಕ್ಕ ಭಾಗ ಆಗ್ತದ್ರಿ."

ಭಾಗಿಸಿ ನೋಡಲು ಒಂದು ನಿಮಿಷ ಸಾಕಿತ್ತು. ನಾನು ನೋಡಲಿಲ್ಲ. "ಮೇಡಂ, ಮೊಬೈಲ್ ನೋಡಿ ಹೇಳೋದು ಗಣಿತ ಅಲ್ರಿ. ಕೂಡ್ರಿ," ಎಂದೆ. ಎಲ್ಲರೂ ನಕ್ಕರು. ಆ ಶಿಕ್ಷಕಿಯ ಕೈಯಲ್ಲಿ ಪೆನ್ನು ಬಿಟ್ಟರೆ ಏನೂ ಇರಲಿಲ್ಲ. ಕೂತರು.

ಸಂಜೆ ಬಸ್ಸು ಚೌಡಾಪುರದಲ್ಲಿ ನಿಂತಾಗ, ತರಬೇತಿ ಪುಸ್ತಕದ ಅಂಚಿನಲ್ಲಿ 239ರಿಂದ ಭಾಗಿಸಿದೆ. 4,649 ಬಂತು, ಶೇಷ ಸೊನ್ನೆ. ಮತ್ತೊಮ್ಮೆ ಮಾಡಿದೆ. ಮತ್ತೂ ಸೊನ್ನೆ. ಆ ಸಂಖ್ಯೆಯನ್ನು ಅವಿಭಾಜ್ಯ ಎನ್ನಬೇಕಾದರೆ ಅದರ ವರ್ಗಮೂಲದವರೆಗೆ, ಅಂದರೆ 1,054ರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. ಮಕ್ಕಳಿಗೆ ಅದನ್ನು ಕಲಿಸುವ ನಾನೇ ಹದಿಮೂರಕ್ಕೆ ನಿಲ್ಲಿಸಿದ್ದೆ.

ಮರುದಿನ ಎಲ್ಲರೆದುರು ಹೇಳಿಬಿಡಬೇಕೆಂದೇ ಹೋದೆ. ಹಲಗೆಯ ಮುಂದೆ ನಿಂತವನು ನೇರವಾಗಿ ರೇಖಾಗಣಿತ ಶುರುಮಾಡಿದೆ. ಆ ಶಿಕ್ಷಕಿ ದಿನವಿಡೀ ತಲೆಯೆತ್ತಲಿಲ್ಲ.

ಆಮೇಲೆ ನನ್ನ ತರಗತಿಯಲ್ಲಿ ಯಾರಾದರೂ ಉತ್ತರ ಹೇಳಲು ಎದ್ದರೆ ಹಲಗೆಯ ಲೆಕ್ಕವನ್ನು ಮತ್ತೊಮ್ಮೆ ನೋಡುತ್ತಿದ್ದೆ. ಎರಡು ತಿಂಗಳು ತಡೆದು, ಕೊನೆಗೆ ರಜೆ ಹಾಕಿ ಜೇವರ್ಗಿಗೆ ಹೋದೆ. ಆ ಶಿಕ್ಷಕಿ ತಮ್ಮ ಶಾಲೆಯ ವರಾಂಡದಲ್ಲಿ ಸಿಕ್ಕರು.

"ಮೇಡಂ, ನೀವು ಹೇಳಿದ್ದು ಖರೇ ಇತ್ರಿ. ನಂದು ತಪ್ಪಾತು."

"ಯಾವಾಗ ಗೊತ್ತಾತ್ರಿ ಸರ್?"

"ಅವತ್ತ ಸಂಜಿಗೇ."

"ಬಿ.ಎಡ್. ಓದುವಾಗ ಎರಡರಿಂದ ಹಿಡದು ಒಂದೊಂದಾ ಅವಿಭಾಜ್ಯದಿಂದ ಭಾಗಿಸ್ಕೋತ ಹೋಗಿದ್ದೆರಿ. ಐವತ್ತೆರಡನೇದು, 239, ಹತ್ತಿತ್ತು. ಆ ಖುಷಿ ಹೇಳ್ಬೇಕಂತ ಎದ್ದಿದ್ದೆ, ನಿಮ್ಮ ತಪ್ಪು ತೆಗೀಲಿಕ್ಕಲ್ರಿ. ಈಗ ಇಲ್ಲಿ ನಾವಿಬ್ಬರೇ ಇದ್ದೀವಿ. ನಕ್ಕ ಮಂದಿ ಇಲ್ಲಿಲ್ಲರಿ ಸರ್."

ಅಲ್ಲೇ ನಿಂತು ತರಬೇತಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ಆ ಸಂಜೆಯೇ ನನಗೆ ಗೊತ್ತಾಗಿತ್ತು ಎಂಬುದನ್ನೂ. ಇಬ್ಬರು ಹೆಬ್ಬೆರಳಿನ ಗುರುತು ಒತ್ತಿದರು. ಒಬ್ಬರು, "ಬಿಡ್ರಿ ಸರ್, ಸಣ್ಣ ಮಾತು," ಎಂದು ಬರೆದರು. ಅದನ್ನೂ ಮೇಡಂ ತಮ್ಮ ಫೋನಿನಲ್ಲಿ ಓದಿದರು. ಫೋನನ್ನು ಚೀಲಕ್ಕೆ ಹಾಕಿಕೊಂಡು, "ಕ್ಲಾಸ್ ಅದರಿ," ಎಂದು ಒಳಗೆ ಹೋದರು.

ಮುಂದಿನ ತರಬೇತಿಗೆ ಅವರು ಬಂದರು. ಯಾರಿಗಾದರೂ ಸಂಶಯವಿದೆಯೇ ಎಂದು ಮೂರು ಸಲ ಕೇಳಿದೆ, ಅವರತ್ತ ನೋಡಿಯೇ. ಅವರು ಬರೆದುಕೊಳ್ಳುತ್ತಲೇ ಇದ್ದರು.