ಗಾಲಿ ಕಟ್ಟಿ ನೋಡಿದ ಕೆಂಪು ಮೋಟಾರು

ನನಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಮುಗಿಯುವುದರೊಳಗೆ ಬಿಡಿಸಿದರು. ಮರಾಠಿ ಬಜಾರದಲ್ಲಿ ಕಲಿತದ್ದು. ಆದರೂ ವಿಲಾಯತಿಯ ಎರಡು ಸೀಟಿನ ಮೋಟಾರು ಒದ್ದೆ ರಸ್ತೆಯ ತಿರುವಿನಲ್ಲಿ ಜೋರಾಗಿ ಹೊರಳಿದರೆ ಹೇಗೆ ಜಾರುತ್ತದೆ ಎಂದು ಕೇಳಿದರೆ ಹೇಳಬಲ್ಲೆ. ಅಂಥ ಮೋಟಾರನ್ನು ಕಣ್ಣಾರೆ ಕಂಡದ್ದು ಮಾತ್ರ ಒಂದೇ ಒಂದು. ಅದನ್ನು ಕೊಳ್ಳಲೇಬೇಕೆಂದು ನಮ್ಮ ಮನಿಯವರು ಹಟ ಹಿಡಿದರು, ಪರೀಕ್ಷೆ ಮಾಡದೆ ಬಿಡುವುದಿಲ್ಲವೆಂದು ನಾನು ಹಿಡಿದೆ.

ಮಹಾರಾಷ್ಟ್ರದ ಗಡಿಯೊಳಗಿನ ಉಮದಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಸಾಮಾನು ಕಟ್ಟಿಕೊಡಲು ರದ್ದಿ ಬೇಕು. ಸೋಲಾಪುರ, ಪುಣೆ ಕಡೆಯಿಂದ ರದ್ದಿ ತರಿಸಿ ತೂಗಿ ಮಾರುವ ಚಾಚಾ ಒಬ್ಬರು ನಮ್ಮ ಹಿಂದಿನ ಓಣಿಯಲ್ಲಿದ್ದರು. ತೊಂಬತ್ತರ ಇಸವಿಯ ಆಚೀಚೆ ಒಂದು ಸಲ ಅವರು ತಂದ ಗಂಟಿನಲ್ಲಿ ದಪ್ಪನೆಯ ನುಣುಪು ಪುಸ್ತಕಗಳೇ ಬಂದವು. ಎಲ್ಲಾ ಇಂಗ್ಲಿಷ್, ಹಾಳಿ ತಿರುವಿದರೆ ಮೋಟಾರಿನ ಚಿತ್ರ. ಆ ಕಾಗದದಲ್ಲಿ ಬೆಲ್ಲ ಕಟ್ಟಿದರೆ ಅಂಟುತ್ತಿತ್ತು. ಪೊಟ್ಟಣ ಮಡಚಿದರೆ ಮಡಿಕೆ ನಿಲ್ಲುತ್ತಿರಲಿಲ್ಲ, ದಾರ ಜಾರಿ ಸಕ್ಕರೆ ನೆಲದ ಪಾಲು.

"ಚಾಚಾ, ಇದರಾಗ ಉಪ್ಪು ಸೈತ ನಿಲ್ಲೂದಿಲ್ಲ. ವಾಪಸ್ ಒಯ್ಯಿರಿ" ಎಂದೆ.

"ವೈನಿ, ಪುಣೇದಾಗಿನ ದೊಡ್ಡ ಬಂಗಲೇದ್ದ ಮಾಲ್ ರೀ ಇದು. ಸಾಹೇಬರು ತೀರಿಕೊಂಡ್ರು, ಮಗ ಎಲ್ಲಾ ತೂಕಕ್ಕ ಹಾಕಿದ. ಕಾಗದ ನೋಡ್ರಿ, ಏಕ್ದಂ ರೇಷ್ಮಿ!"

"ರೇಷ್ಮಿ ಉಟ್ಕೋಬೇಕು. ಬ್ಯಾಳಿ ಕಟ್ಟಾಕ ಬರೂದಿಲ್ಲ."

ಅಷ್ಟರಲ್ಲಿ ನಮ್ಮ ಮನಿಯವರು ಒಂದು ಪುಸ್ತಕ ಬಿಡಿಸಿಕೊಂಡು ರೊಕ್ಕದ ಗಲ್ಲೆಯ ಹಿಂದೆ ಕೂತಿದ್ದರು. ಗಿರಾಕಿ ನಿಂತದ್ದೂ ಅವರಿಗೆ ಗೊತ್ತಿಲ್ಲ. "ಇರಲಿ ಬಿಡ. ಒಂದ ಹಾಳಿನೂ ಹರೀಬ್ಯಾಡ" ಎಂದರು. ಅವರು ಮದುವಿಗೆ ಮುಂಚೆ ಸಾವಕಾರರೊಬ್ಬರ ಟ್ರ್ಯಾಕ್ಟರ್ ಹೊಡೆದವರು. ಗಾಲಿ ಇದ್ದದ್ದನ್ನು ಕಂಡರೆ ಸಾಕು, ಬೇರೆ ಏನೂ ಬೇಡ. ಪುಸ್ತಕಗಳು ಅಟ್ಟ ಸೇರಿದವು.

ಮಗನ ಮದುವಿಯಾಗಿ ಸೊಸಿ ಬಂದ ಮೇಲೆ ಅವು ಕೆಳಗಿಳಿದವು. ಆಕೆ ವಿಜಾಪುರದಲ್ಲಿ ಕಾಲೇಜು ಕಂಡವಳು, ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಮಧ್ಯಾಹ್ನ ಮಗ ಅಂಗಡಿಯಲ್ಲಿ ಕೂತರೆ ನಾವು ಮೂವರು ಪಡಸಾಲಿಯಲ್ಲಿ. ನಾನು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ಕಂಪನಿಯವರು ಕೊಟ್ಟ ಹೊಸ ಗಾಡಿಯನ್ನು ಒಬ್ಬ ಓಡಿಸಿ ನೋಡಿ, ಅದು ಹೇಗಿದೆ ಎಂದು ಬರೆದದ್ದೇ ಅವುಗಳ ತುಂಬ. ಮೊದಮೊದಲು ಇದೇನು ಹುಚ್ಚು ಎಂದು ಬೈದದ್ದೂ ಉಂಟು. ಆಮೇಲೆ ಸೊಸಿ ಒಂದು ದಿನ ಹೀಗೆ ಓದಿದಳು:

"ಮಾವಾರ, ಈ ಗಾಡಿ ಭಾಳ ಚಂದ ಓಡತೈತಂತ. ಆದರ ಮಳಿ ಬಂದ್ರ ಬಾಗಲದಾಗಿಂದ ನೀರು ಒಳಗ ಬಂದು ಡ್ರೈವರನ ಮೊಣಕಾಲ ತೊಯ್ತಾವಂತ."

ನಾನು ಕೈ ನಿಲ್ಲಿಸಿದೆ. "ಹಂಗಂತ ಬರದಾನ? ಗಾಡಿ ಕೊಟ್ಟವರು ಓದೂದಿಲ್ಲೇನ ಅದನ್ನ?"

"ಓದ್ತಾರ, ಅತ್ತಿ. ಅದಕ್ಕಽ ಬರದಿರೂದು."

"ಅವನ ಕಡೆ ಇನ್ನೊಮ್ಮೆ ಗಾಡಿ ಕಳಸ್ಯಾರ?"

ಸೊಸಿ ಇನ್ನೊಂದು ಪುಸ್ತಕ ಹುಡುಕಿ ತೆಗೆದಳು. "ಕಳಸ್ಯಾರ ನೋಡ್ರಿ. ಅದ ಕಂಪನೀದು. ಇದಕ್ಕೂ ಬೈದಾನ."

ಅಂದಿನಿಂದ ಆ ಹುಚ್ಚು ನನಗೂ ಹತ್ತಿತು. ನಮ್ಮಲ್ಲಿ ಹೆಣ್ಣು ತೋರಿಸುವವರು, ಹೊಲ ತೋರಿಸುವವರು, ಎತ್ತು ತೋರಿಸುವವರು ಯಾರೂ ಐಬು ಹೇಳುವುದಿಲ್ಲ. ಇವನೊಬ್ಬ ಮೆಚ್ಚಿದ್ದಕ್ಕೂ ಐಬು ಹೇಳುತ್ತಿದ್ದ, ಬೈದದ್ದರಲ್ಲೂ ಒಳ್ಳೆಯದನ್ನು ಬಿಡುತ್ತಿರಲಿಲ್ಲ. ಬ್ರೇಕು ಬಲಕ್ಕೆ ಎಳೆಯುತ್ತದೆ, ಸೀಟು ಬೆನ್ನಿಗೆ ಹಿತ, ದಿಬ್ಬದಲ್ಲಿ ಉಸಿರು ಕಟ್ಟುತ್ತದೆ. ಇಷ್ಟು ಚೊಕ್ಕಾಗಿ ನನ್ನ ಬಗ್ಗೆ ನಮ್ಮ ಅತ್ತಿ ಸಹ ಹೇಳಿರಲಿಲ್ಲ.

ಆ ಮೋಟಾರುಗಳೆಲ್ಲ ಅಷ್ಟೊತ್ತಿಗೆ ಮುರಿದು ಗುಜರಿ ಸೇರಿರಬೇಕು. ಕೆಲವು ಪುಸ್ತಕ ನನ್ನ ಮದುವಿಗಿಂತ ಹಳೆಯವು. ಪ್ಯಾಟಿಯಲ್ಲೇ ಇಲ್ಲದ ಗಾಡಿಯ ಸುದ್ದಿ ಯಾರಿಗೆ ಬೇಕು? ನಮಗೆ ಬೇಕಾಗಿತ್ತು. ಯಾಕೆಂದು ನಾನು ಭಾಳ ಸಲ ವಿಚಾರ ಮಾಡಿದ್ದೇನೆ. ಆ ಬರಹದೊಳಗೆ ಗಾಡಿಯನ್ನು ಈಗಷ್ಟೇ ಕಾರಖಾನೆಯಿಂದ ಹೊರಗೆ ತಂದಿರುತ್ತಾರೆ. ಓಡಿಸುವವನು ಇನ್ನೂ ಹೌದು ಅಂದಿಲ್ಲ, ಅಲ್ಲ ಅಂದಿಲ್ಲ. ಕೀಲಿ ಈಗ ತಿರುವುತ್ತಾನೆ. ನಮ್ಮ ವಯಸ್ಸಿನವರ ಬಾಳ್ವೆಯಲ್ಲಿ ಎಲ್ಲಾ ಆಗಿಹೋದದ್ದೇ ಇರುತ್ತದೆ. ಇನ್ನೂ ಏನೂ ಆಗದಿರುವ ಒಂದು ಮುಂಜಾನೆಯನ್ನು ಸೊಸಿ ದಿನಾ ಓದಿ ಹೇಳುತ್ತಿದ್ದಳು. ಅದರ ರುಚಿ ನಮಗೆ ಹತ್ತಿತ್ತು, ಅಷ್ಟೇ.

ಆದರೆ ರುಚಿಯಿಂದ ಹೊಟ್ಟಿ ತುಂಬುವುದಿಲ್ಲ. ನಮ್ಮ ಮನಿ ನಡೆಯುತ್ತಿದ್ದುದು ಅಂಗಡಿಯಿಂದಲ್ಲ, ವಾರದ ಬಜಾರಗಳಿಂದ. ಬಾಲಗಾಂವ, ದರಿಬಡಚಿ, ಹೀಗೆ ಒಂದೊಂದು ವಾರ ಒಂದೊಂದು ಊರಿಗೆ ಚೀಲ ಹೊತ್ತುಕೊಂಡು ಹೋಗಿ ಬೇಳಿ, ಬೆಲ್ಲ, ಖಾರ ಹರವಿ ಕೂಡುತ್ತಿದ್ದೆವು. ಬಂಡಿಯ ಕಾಲ ಮುಗಿದಿತ್ತು, ಎತ್ತು ಮಾರಿದ್ದೆವು. ಬಸ್ಸಿನವರು ಚೀಲ ಹಾಕಿಕೊಳ್ಳಲು ಗೊಣಗುತ್ತಿದ್ದರು. ಹತ್ತಿದಷ್ಟು ಮಂದಿಯನ್ನು ತುಂಬಿಕೊಂಡು ಓಡುವ ವಡಾಪ ಜೀಪಿನವರು ನಮ್ಮ ಚೀಲ ಕಂಡರೆ ನಿಲ್ಲಿಸುತ್ತಲೇ ಇರಲಿಲ್ಲ. ಎರಡು ಸಾವಿರ ಇಸವಿ ದಾಟಿದ ಮೇಲೆ, ಇನ್ನು ನಮ್ಮದೇ ಒಂದು ಗಾಡಿ ಬೇಕೆಂದು ಠರಾವಾಯಿತು. ಒಂದೇ ಸಲ ಕೊಳ್ಳುವ ಶಕ್ತಿ ಇತ್ತು. ಅದು ತಪ್ಪಿದರೆ ಬಜಾರ ನಿಂತಿತು, ಬಜಾರ ನಿಂತರೆ ಮನಿ ನಿಂತಿತು.

ಗಾಡಿ ನೋಡಿ ಬರಲು ತಾಲೂಕಿನ ಊರು ಜತ್ತಕ್ಕೆ ಹೋದ ನಮ್ಮ ಮನಿಯವರು ಸಂಜಿಗೆ ಮೈಮೇಲೆ ದೇವರು ಬಂದವರ ಹಾಗೆ ತಿರುಗಿ ಬಂದರು.

"ಸಿಕ್ಕಿತು. ಪುಸ್ತಕದಾಗಿಂದ ಇಳಿದು ಬಂದಂಗ ಐತಿ. ಕೆಂಪಂದು. ಎರಡು ಬಾಗಲ."

"ಚೀಲ ಎಲ್ಲಿ ಹಾಕೂದು?"

"ನೀ ಮೊದಲ ನೋಡು."

ಗಾಡಿ ಒಬ್ಬ ಗುತ್ತೇದಾರರದು. ಮುಂಬೈಯಲ್ಲಿ ಯಾರಿಂದಲೋ ಹೌಸಿಗೆ, ಬರಿ ಶೋಕಿಗೆ ಕೊಂಡು ತಂದು, ಓಡಿಸಲು ರಸ್ತೆ ಇಲ್ಲದೆ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ನಮ್ಮ ಮನಿಯವರು ಅದಕ್ಕೆ ಹೂಂ ಅಂದುಬಿಡುವುದೊಂದು ಬಾಕಿ.

"ಎತ್ತ ತರಬೇಕಾದ್ರ ಹಲ್ಲ ನೋಡ್ತಿದ್ರಿ, ಸುಳಿ ನೋಡ್ತಿದ್ರಿ, ಹೂಡಿ ನೋಡ್ತಿದ್ರಿ. ಇದನ್ನ ಬಣ್ಣ ನೋಡಿ ತರ್ತೀರೇನ? ಇಷ್ಟು ವರ್ಷ ಓದಿಸಿ ಓದಿಸಿ ಸೊಸಿ ಗಂಟಲ ಹರಿದ್ರಿ. ಆ ಬರಿಯಾಂವ ಒಂದರ ಗಾಡಿ ಹತ್ತಲಾರದ ಚಲೋ ಅಂದಾನೇನ?"

ಸೊಸಿ ನಕ್ಕಳು. "ಮಾವಾರ, ಅತ್ತಿ ಹೇಳೂದು ಪುಸ್ತಕದ ಪ್ರಕಾರ ಐತಿ."

ಮರುದಿನ ಮೂವರೂ ಹೋದೆವು. ನಾಲ್ಕು ಚೀಲ ಜ್ವಾಳ ಬಾಡಿಗಿ ಟೆಂಪೋದಲ್ಲಿ ಒಯ್ದೆವು. ಗುತ್ತೇದಾರರು ಚೀಲ ಕಂಡು ಹೌಹಾರಿದರು.

"ಏನ್ರಿ ಸಾವಕಾರ್ರ, ಇದು ಲಾರೀನಾ?"

"ಹೊರೋದನ್ನ ಹೊರಿಸಿ ನೋಡ್ಬೇಕಲ್ಲರಿ, ಸಾಹೇಬ್ರ" ಎಂದೆ ನಾನೇ. ಹಿಂದಿನ ಡಬ್ಬಿಯಲ್ಲಿ ಒಂದೇ ಚೀಲ ಹೋಯಿತು, ಬಾಯಿ ಮುಚ್ಚಲಿಲ್ಲ. ಇನ್ನೊಂದನ್ನು ಸೀಟಿನ ಹಿಂದಿನ ಸಂದಿಗೆ ತುರುಕಿದೆವು. ಉಳಿದವು ನೆಲದ ಮೇಲೇ.

ಇನ್ನು ನಮ್ಮ ಕಡೆಯ ರೀತಿ. ಎತ್ತು ಪರೀಕ್ಷೆ ಮಾಡುವಾಗ ಮಾರುವವನು ಹತ್ತಿರ ನಿಲ್ಲಬಾರದು. ಅವನ ದನಿ ಕೇಳಿದರೆ ಎತ್ತು ಇಲ್ಲದ ಶಕ್ತಿ ತಂದುಕೊಂಡು ಜಗ್ಗುತ್ತದೆ, ಕೊಳ್ಳುವವನು ಮೋಸ ಹೋಗುತ್ತಾನೆ. ನಮ್ಮ ಮನಿಯವರು ಅದೇ ಗಂಭೀರದಿಂದ ಗುತ್ತೇದಾರರಿಗೆ, "ನೀವು ಚಾ ಕುಡದು ಬರ್ರಿ, ಸಾಹೇಬ್ರ. ಮಾಲಕ ಮುಂದ ಇರಬಾರದು" ಎಂದರು. ಅವರು ಸೊಸಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಹೋದರು.

ಎತ್ತಿಗೆ ಕಡೆಯ ಪರೀಕ್ಷೆ ಒಂದಿದೆ. ಹೇರಿದ ಬಂಡಿಯ ಗಾಲಿಗೆ ಹಗ್ಗ ಬಿಗಿದು, ತಿರುಗದಂತೆ ಮಾಡಿ ಜಗ್ಗಿಸುವುದು. ಮೊಣಕಾಲೂರಿ ಜಗ್ಗಿದ ಎತ್ತು ಮನಿ ಸೇರುತ್ತದೆ, ತಲಿ ತಿರುವಿದ್ದು ತಿರುಗಿ ಹೋಗುತ್ತದೆ. ನಮ್ಮ ಮನಿಯವರು ಶೆಡ್ಡಿನ ಮುಂದಿನ ಕಲ್ಲುಗಳನ್ನು ನಾಲ್ಕೂ ಗಾಲಿಗೆ ಅಡ್ಡ ಕೊಟ್ಟರು. ಕೈ ಬ್ರೇಕು ಎಳೆದರು. ಹಿಂದಿನ ಗಾಲಿಗೆ ಚೀಲದ ಹಗ್ಗ ಸುತ್ತಿದರು.

ಸೊಸಿಗೆ ಅನುಮಾನ ಬಂತು. "ಮಾವಾರ, ಇದು ಪುಸ್ತಕದಾಗ ಇಲ್ಲ."

"ಪುಸ್ತಕದವರಿಗೆ ಎತ್ತ ಗೊತ್ತಿಲ್ಲ" ಎಂದು ಕೀಲಿ ತಿರುವಿದರು.

ಮೋಟಾರು ಒದರಿತು. ಇವರು ಇನ್ನೂ ಒತ್ತಿದರು. ಗಾಡಿ ನಡುಗಿತು, ಮುಂದೆ ಒಂದು ಗೇಣೂ ಸರಿಯಲಿಲ್ಲ. "ಜಗ್ಗಾಕತ್ತೇತಿ, ಜಗ್ಗಾಕತ್ತೇತಿ!" ಎಂದು ಇವರು ಕೂಗುವಷ್ಟರಲ್ಲಿ ಅಡಿಯಿಂದ ಹೊಗಿ ಎದ್ದಿತು. ಕೂದಲು ಸುಟ್ಟಂಥ ವಾಸನಿ. ಆಮೇಲೆ ಮೋಟಾರು ಎಷ್ಟು ಒದರಿದರೂ ಗಾಲಿಗೆ ಸುದ್ದಿ ಮುಟ್ಟಲಿಲ್ಲ. ಕಲ್ಲು ತೆಗೆದು ಹಗ್ಗ ಬಿಚ್ಚಿದರೂ ಗಾಡಿ ಅಲ್ಲೇ.

ಗುತ್ತೇದಾರರು ಚಾ ಬಿಟ್ಟು ಓಡಿ ಬಂದರು. "ಕ್ಲಚ್ ಸುಟ್ಟೀರಿ! ಯಾರರ ಗಾಡಿ ಗಾಲಿ ಕಟ್ಟತಾರೇನ್ರಿ? ಸಾವಕಾರ್ರ, ನಿಮ್ಮ ಎತ್ತಿನ ಮಾತಽ ಹೇಳ್ತೀನಿ. ಪರೀಕ್ಷಾದಾಗ ಎತ್ತಿಗೆ ಪೆಟ್ಟಾದ್ರ ಅದು ಯಾರದು?"

ಅದು ಕೊಳ್ಳುವವನದು. ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮ ಮನಿಯವರು ತಲಿ ತಗ್ಗಿಸಿದರು, ಆದರೆ ಮಾರಿಯ ಮೇಲೆ ಸಣ್ಣಗೆ ಸಂತೋಷ ಮೂಡಿದ್ದು ನನಗೆ ಕಂಡಿತು. ರೀತಿಯ ಹೆಸರಿನಲ್ಲಿ ಗಾಡಿ ತಾನಾಗಿ ಮನಿಗೆ ಬರುತ್ತಿತ್ತು. ನಾನು ಈಗ ಸುಮ್ಮನಿದ್ದರೆ ಬಾಲಗಾಂವದ ಬಜಾರವೂ ಇಲ್ಲ, ದರಿಬಡಚಿಯದೂ ಇಲ್ಲ.

"ಪೆಟ್ಟ ಮಾಸೂ ತನಕ ನಮ್ಮದು, ಸಾಹೇಬ್ರ" ಎಂದೆ. "ಮಾಸಿದ ಮ್ಯಾಲ ನಿಮ್ಮದು. ಎಳಕೊಂಡು ಹೋಗಿ ದುರಸ್ತ್ ಮಾಡಿಸಿ, ಓಡಿಸಿಕೊಂಡು ಬಂದು ಇಲ್ಲೇ ನಿಲ್ಲಸ್ತೀವಿ."

"ಮತ್ತ ಕೊಳ್ಳೂದು?"

"ಅದನ್ನ ಆವತ್ತ ಹೇಳ್ತೀವಿ."

ಟ್ರ್ಯಾಕ್ಟರಿಗೆ ಕಟ್ಟಿ ವಿಜಾಪುರಕ್ಕೆ ಒಯ್ಸಿದೆವು. ಅಂಥ ಗಾಡಿಗೆ ಕ್ಲಚ್ಚಿನ ಹೊಸ ಪ್ಲೇಟು ಎಲ್ಲಿ ಸಿಗಬೇಕು? ಮೇಸ್ತ್ರಿ ಹಳೆಯದಕ್ಕೇ ಹೊಸ ಪಟ್ಟಿ ಬಡಿದು ಕೂಡಿಸಿದ. ಆ ದಿನಗಳಲ್ಲಿ ನಮ್ಮ ಮನಿಯವರು ನನ್ನ ಜೋಡಿ ಮಾತಾಡಲಿಲ್ಲ. ರೊಟ್ಟಿ ಬೇಕಾದರೆ ಸೊಸಿಗೆ ಹೇಳುತ್ತಿದ್ದರು, ಸೊಸಿ ನನಗೆ ಹೇಳುತ್ತಿದ್ದಳು, ನಾನು ಎದುರಿಗೇ ಕೂತಿರುತ್ತಿದ್ದೆ. ನಾನೂ ಸೋಲಲಿಲ್ಲ.

ಗಾಡಿ ತಯಾರಾದ ದಿನ ಜತ್ತಕ್ಕೆ ಒಪ್ಪಿಸಲು ಅವರ ಜೋಡಿ ನಾನೇ ಹೊರಟೆ. ಎರಡೇ ಸೀಟು. ಕೂತರೆ ನೆಲದ ಮೇಲೆ ಚಾಪಿ ಹಾಸಿ ಕೂತಂತೆ, ಎದುರು ಬಂದ ಎಮ್ಮಿಯ ಹೊಟ್ಟಿ ನನ್ನ ಕಣ್ಣಿನ ಮಟ್ಟಕ್ಕೆ. ವಿಜಾಪುರ ದಾಟಿ ರಸ್ತೆ ಬರಿದಾಯಿತು. ಎರಡೂ ಕಡೆ ಕೊಯ್ದ ಜ್ವಾಳದ ಹೊಲ, ದೂರದವರೆಗೆ ಏನೂ ಅಡ್ಡವಿಲ್ಲ. ಗಿಯರು ಬಿದ್ದದ್ದು ಅವರ ಕೈಗೆ ಮಾತ್ರ ಗೊತ್ತು, ನನ್ನ ಮೈಗೆ ಗೊತ್ತಾಗಲಿಲ್ಲ. ತಿರುವಿನಲ್ಲಿ ವಾಲಲಿಲ್ಲ. ನಾನು ಸೆರಗು ಬಾಯಲ್ಲಿ ಕಚ್ಚಿ ಕೂತೆ. ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ನನ್ನ ಬಾಯಿಂದಲೇ ಮಾತು ಹೊರಟಿತು:

"ಸ್ವಲ್ಪ ಜೋರ ಬಿಡ್ರಿ."

ಅವರು ನನ್ನ ಕಡೆ ನೋಡಿದರು. ಎಷ್ಟೋ ದಿನದ ಮೇಲೆ ನೇರ ಮಾತಾಡಿದರು. "ಅಂಜಿಕಿ ಬರೂದಿಲ್ಲ?"

"ಬರತೈತಿ. ನೀವು ಬಿಡ್ರಿ."

ಬಿಟ್ಟರು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಸೊಸಿ ಇಷ್ಟು ವರ್ಷ ಓದಿ ಹೇಳಿದ್ದು ಸುಳ್ಳಲ್ಲ ಎಂದು ನನ್ನ ಬೆನ್ನಿಗೆ ತಿಳಿಯಿತು. ಗಾಡಿ ಚಲೋ ಇತ್ತು. ಅದನ್ನು ಇಲ್ಲ ಎಂದರೆ ನಾನು ಸುಳ್ಳಿ.

ಉಮದಿ ದಾಟಿದ ಮೇಲೆ ರಸ್ತೆ ಕೆಟ್ಟಿತು. ಒಂದು ತಗ್ಗು ಬಂತು, ಅಡಿ ನೆಲಕ್ಕೆ ಬಡಿಯಿತು. ಇನ್ನೊಂದು ಬಂತು, ಮತ್ತೆ ಬಡಿಯಿತು. ಚೀಲವಿಲ್ಲ, ನಾವಿಬ್ಬರೇ. ಅವರು ಇಳಿದು ಬಗ್ಗಿ ನೋಡಿದರು. ಮುಂದೆ ಎತ್ತಿನ ಬಂಡಿಯ ಹಿಂದೆ ಎತ್ತಿನ ಗತಿಯಲ್ಲೇ ಬಂದರು. ನಾನು ಅನ್ನುವ ಮಾತನ್ನೆಲ್ಲ ರಸ್ತೆಯೇ ಅನ್ನುತ್ತಿತ್ತು.

ಗುತ್ತೇದಾರರು ಗೇಟಿನಲ್ಲೇ ನಿಂತಿದ್ದರು. ಒಂದು ಸುತ್ತು ಓಡಿಸಿ ನೋಡಿ ಖುಷಿಯಾದರು. "ಸಾವಕಾರ್ರ, ಮೊದಲಿಗಿಂತ ಹಗರ ಆಗೇತಿ. ನಿಮಗಂತ ಕಡಿಮಿ ಮಾಡಿ ಕೊಡ್ತೀನಿ, ಒಯ್ಯಿರಿ" ಎಂದು ಕೀಲಿಯನ್ನು ತಿರುಗಿ ಇವರ ಕೈಗೇ ಇಟ್ಟರು.

ನಮ್ಮ ಮನಿಯವರು ಕೀಲಿ ಕೈಯಲ್ಲಿ ಹಿಡಿದು ನಿಂತರು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ನಾನು ಬ್ಯಾಡ ಅಂದರೆ ಅದು ನನ್ನ ಮಾತಾಗುತ್ತಿತ್ತು, ಮುಂದೆ ಸಾಯುವತನಕ ನನ್ನ ಮೇಲೆ ಇರುತ್ತಿತ್ತು. ಅವರೇ ಅನ್ನಬೇಕು.

"ಗಾಡಿ ಭಾಳ ಚಲೋ ಐತ್ರಿ, ಸಾಹೇಬ್ರ" ಎಂದರು. ಅದರ ಬಾಗಿಲ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, "ಆದರ ನಮ್ಮ ಬಜಾರಕ್ಕ ಆಗೂದಿಲ್ಲ" ಎಂದು ಕೀಲಿ ಕೊಟ್ಟರು.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದು ಬಂದೆವು. ಅವರು ತಿರುಗಿ ನೋಡಲಿಲ್ಲ. ನಾನು ಒಮ್ಮೆ ನೋಡಿದೆ.

ಮರುವಾರ ವಿಜಾಪುರದಲ್ಲಿ ಮೂರು ಗಾಲಿಯ ಸಾಮಾನಿನ ಗಾಡಿ ನೋಡಲು ಹೋದೆವು. ಚೀಲ ಹೇರಿ, ದರಿಬಡಚಿಯ ಕಚ್ಚಾ ದಾರಿಗೆ ಒಯ್ದು ನೋಡಿ ಆಮೇಲೆ ಹೇಳುತ್ತೇವೆ ಎಂದಾಗ ಅಂಗಡಿಯವನು ನಕ್ಕುಬಿಟ್ಟ. "ಹಂಗ ಯಾರಿಗೂ ಕೊಡೂದಿಲ್ರಿ, ಯಜಮಾನ್ರ. ನೋಡ್ರಿ, ಬೇಕಾದ್ರ ಒಯ್ಯಿರಿ."

ನಾನು ಬಾಯಿ ತೆಗೆಯುವಷ್ಟರಲ್ಲಿ ನಮ್ಮ ಮನಿಯವರು ಚಪ್ಪಲಿ ಮೆಟ್ಟಿ ನಿಂತಿದ್ದರು. "ಏಳ, ಮುಂದಿನ ಅಂಗಡಿಗೆ ಹೋಗೂಣು" ಎಂದರು ನನಗೆ.

ಅಂಗಡಿಯವನು ಕೀಲಿ ತರಲು ಒಳಗೆ ಹೋದ.