ಎಡಗೈಯಲ್ಲಿ ಮಸೆದ ಕತ್ತಿ

2011ರ ಫೆಬ್ರುವರಿ ಮೊದಲ ವಾರ, ಮಡಕಶಿರಾ ಹತ್ತಿರದ ನಮ್ಮ ಊರಿನಲ್ಲಿ, ಅಪ್ಪನ ಸಾಣೆಕಲ್ಲು ಬಚ್ಚಲ ಚಪ್ಪಡಿಯ ಮೇಲೆ ಬಿದ್ದು ಎರಡು ತುಂಡಾಯಿತು.

ಅಪ್ಪ ಊರಿನ ಕ್ಷೌರಿಕ. ದಿನದ ಕೆಲಸಕ್ಕೆ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಯನ್ನೇ ಬಳಸುತ್ತಿದ್ದ. ತಾತನ ಕಾಲದ ಮಡಿಸುವ ಕತ್ತಿ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದುದು ಮದುವೆ ಗಂಡಿನ ಕ್ಷೌರಕ್ಕೆ ಮಾತ್ರ. ಮದುವೆಯ ಹಿಂದಿನ ದಿನ ಬೆಳಿಗ್ಗೆ, ಚಪ್ಪರದ ಕೆಳಗೆ, ಗಂಡಿನ ಕೆನ್ನೆಗೆ ಆ ಕತ್ತಿಯೇ ತಾಗಬೇಕು ಎನ್ನುವುದು ಊರಿನ ಪದ್ಧತಿ. ಮರುವಾರವೇ ಊರ ನಡುವಿನ ದೊಡ್ಡ ಮನೆಯಲ್ಲಿ ಮದುವೆ ಇತ್ತು. ಕಲ್ಲು ಒಡೆದ ಸುದ್ದಿ ಕೇಳಿ ಆ ಮನೆಯ ಯಜಮಾನ, ಕತ್ತಿ ಹದಕ್ಕೆ ಬರದಿದ್ದರೆ ಮಡಕಶಿರಾದ ಸಲೂನಿನವನನ್ನು ಕರೆಸುತ್ತೇವೆ, ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿಕಳಿಸಿದ. ಒಮ್ಮೆ ಬೇರೆ ಕೈ ಬಂದರೆ ಆ ಮನೆಯ ಮದುವೆಗಳು ತನ್ನ ಕೈ ಬಿಟ್ಟಂತೆ ಎಂಬುದು ಅಪ್ಪನ ಲೆಕ್ಕ. ಸಂತೆಯಲ್ಲಿ ಸಿಗುತ್ತಿದ್ದುದು ಕುಡುಗೋಲು ಮಸೆಯುವ ಒರಟು ಕಲ್ಲು. ಅದು ಈ ಕತ್ತಿಗೆ ಆಗುವುದಿಲ್ಲ.

ನಾನು ಆಗ ರಾಯದುರ್ಗದಿಂದ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ಅಣ್ಣ ಅಲ್ಲೇ ಜೀನ್ಸ್ ಯೂನಿಟ್ಟಿನಲ್ಲಿದ್ದ. ಹೊಸ ಪ್ಯಾಂಟನ್ನು ಮರದ ಕಾಲಿಗೆ ತೊಡಿಸಿ, ತೊಡೆಯ ಭಾಗವನ್ನು ಉಜ್ಜುಕಾಗದದಿಂದ ತಿಕ್ಕಿ, ಹಳೆಯದರಂತೆ ಬಿಳಿಚಿಸುವುದು ಅವನ ಕೆಲಸ. ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಊರಿಗೆ ಹೋಗಿದ್ದ ನಾನು ಕತ್ತಿಯನ್ನು ತಂದು ಅವನ ಮುಂದಿಟ್ಟು ವಿಷಯ ಹೇಳಿದೆ.

"ಅದಕ್ಯಾಕ್ಲಾ ಮುಖ ಹಿಂಗ್ ಮಾಡ್ಕಂಡಿದೀಯ? ನಾನು ದಿನಾ ತಿಕ್ಕೋದೇನು, ಹಪ್ಪಳಾನಾ?" ಎಂದ.

ಯೂನಿಟ್ಟಿನಲ್ಲಿದ್ದ ಅತಿ ನಯವಾದ ಕಾಗದ ತಂದು ಕತ್ತಿಯನ್ನು ಅದರ ಮೇಲೆ ಎಳೆದ. ಮುಂಗೈ ಮೇಲೆ ಪರೀಕ್ಷಿಸಿದಾಗ ಕೂದಲು ತುಂಡಾಗಲಿಲ್ಲ, ಕಿತ್ತುಬಂತು. ಬಿಸಿಲಿಗೆ ಹಿಡಿದು ನೋಡಿದೆ. ಅಲಗಿನ ಉದ್ದಕ್ಕೂ ಉತ್ತ ಹೊಲದಂತೆ ಗೀರುಗಳಿದ್ದವು. ಕಾಗದಕ್ಕೆ ಮೆತ್ತಿದ ಹರಳುಪುಡಿ ಬಟ್ಟೆಗೆ ನಯ, ಅಲಗಿಗೆ ಒರಟು.

ಹಾಗಾದರೆ ಅದಕ್ಕಿಂತ ನಯವಾದದ್ದು ಏನಿದೆ? ಆಗ ಒಂದು ನೋಟ ನೆನಪಾಯಿತು. ಸುದ್ದಿಗೆಂದು ಕೇಬಲ್ ಆಫೀಸಿಗೆ ಹೋಗಿದ್ದಾಗ, ಅಲ್ಲಿಯ ಲೈನ್‌ಮನ್ ಕೇಬಲಿನೊಳಗಿನ, ಬೆಳಕು ಹಾಯುವ ಗಾಜಿನ ಎಳೆಯ ತುದಿಯನ್ನು ಒಂದು ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಗ್ಲಿಷ್ 8ರ ಆಕಾರದಲ್ಲಿ ಉಜ್ಜಿ ನುಣುಪು ಮಾಡುತ್ತಿದ್ದ. ಮರುದಿನ ಅವನನ್ನೇ ಹುಡುಕಿಕೊಂಡು ಹೋದೆ. ಕತ್ತಿಗೆ ಎಂದು ಕೇಳಿ ಅವನಿಗೂ ಕುತೂಹಲವಾಯಿತು. ಗುಲಾಬಿ, ಹಸಿರು, ಬಿಳಿ, ಹೀಗೆ ಮೂರು ತುಂಡು ಕೊಟ್ಟ. ಗುಲಾಬಿ ಬೆರಳಿಗೆ ಅಷ್ಟಿಷ್ಟು ತಾಗುತ್ತಿತ್ತು. ಬಿಳಿಯದು ಬರೆಯುವ ಕಾಗದದಷ್ಟೇ ನುಣುಪು. ಅದರ ಮೇಲೆ ಹರಳಿದೆ ಎಂದರೆ ನಂಬುವುದು ಕಷ್ಟ.

"ನಂಬರ್ ಉಲ್ಟಾ ಅದಾವ ನೋಡ್ರಿ. ನಿಮ್ಮ ಅಣ್ಣನ ಕಾಗದದಾಗ ನಂಬರ್ ಏರಿದಂಗ ನುಣುಪು. ಇದರಾಗ ಇಳಿದಂಗ ನುಣುಪು. ಹಾಳಿ ಅಡಿಯಾಗ ಒಂದು ಮಣ್ಣಿನ ಕಣ ಇದ್ರೂ ಕೆಲಸ ಕೆಟ್ಟಂಗ್ರಿ," ಎಂದ.

ಗೋಡೆಯ ಫೋಟೋದಿಂದ ಗಾಜು ಬಿಚ್ಚಿ ತೊಳೆದೆವು. ನೀರು ಚಿಮುಕಿಸಿ ಹಾಳೆ ಹಾಸಿದಾಗ ಅದು ತಾನಾಗಿ ಗಾಜಿಗೆ ಅಂಟಿತು. ಗುಲಾಬಿ ಹಾಳೆಯ ಮೇಲೆ ಗೀರುಗಳು ಹೋದವು. ಹಸಿರಿಗೆ ಬಂದಾಗ ಅಣ್ಣನಿಗೆ ಕೈ ಪಳಗಿತು. ಪಳಗಿದ್ದೇ ತೊಂದರೆಯಾಯಿತು. ಕೈ ಯೂನಿಟ್ಟಿನ ಅಭ್ಯಾಸಕ್ಕೆ ಮರಳಿ, ಪ್ಯಾಂಟು ತಿಕ್ಕುವಂತೆ ಒತ್ತಿ ಹಿಂದೆ ಮುಂದೆ ಎಳೆಯಿತು. ಅಲಗು ಹಾಳೆಯೊಳಗೆ ಇಳಿದು, ಹಸಿರು ತುಂಡು ಅಡ್ಡಕ್ಕೆ ಹರಿಯಿತು.

ಅಪ್ಪನಿಗೆ ಫೋನ್ ಮಾಡಿದೆವು. ಬಯ್ಯುತ್ತಾನೆಂದುಕೊಂಡಿದ್ದೆವು, ಬಯ್ಯಲಿಲ್ಲ. ಕತ್ತಿಯ ಬೆನ್ನೂ ಅಲಗೂ ಒಟ್ಟಿಗೆ ಹಾಳೆಗೆ ತಾಗಿರಬೇಕು, ತಿರುಗಿಸುವಾಗ ಬೆನ್ನಿನ ಮೇಲೆ ತಿರುಗಿಸಬೇಕು ಎಂದ. ಕೊನೆಗೆ, "ಕತ್ತಿಗೆ ಅದರ ಭಾರವೇ ಸಾಕು ಮಗಾ. ನಿಂದು ಸೇರಿಸ್ಬೇಡ," ಎಂದ.

ಅಣ್ಣ ಪ್ರಯತ್ನಿಸಿದ. ಆಗಲಿಲ್ಲ. ಒತ್ತಬಾರದೆಂದು ಅಂದುಕೊಂಡಷ್ಟೂ ಹೆಬ್ಬೆರಳು ಬಿಗಿಯುತ್ತಿತ್ತು. ಒತ್ತದಿದ್ದರೆ ಸೂಪರ್‌ವೈಸರ್ ಪ್ಯಾಂಟನ್ನು ಮುಖಕ್ಕೆ ಎಸೆಯುತ್ತಾನೆ, ಈ ಕೈಗೆ ಬೇರೆ ಏನೂ ಬರುವುದಿಲ್ಲ ಎಂದ. ನೀಲಿ ಹಿಡಿದ ತನ್ನ ಉಗುರುಗಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕತ್ತಿಯನ್ನು ಎಡಗೈಗೆ ತೆಗೆದುಕೊಂಡ.

ಎಡಗೈ ಯಾವ ಪ್ಯಾಂಟನ್ನೂ ತಿಕ್ಕಿರಲಿಲ್ಲ. ಅದು ಅಂಜಿ ಅಂಜಿ ಸರಿಯಿತು. ಒಮ್ಮೆ ಆ ಕಡೆ, ಬೆನ್ನಿನ ಮೇಲೆ ತಿರುಗಿ, ಒಮ್ಮೆ ಈ ಕಡೆ. ಹಸಿರು ಇಲ್ಲದ್ದರಿಂದ ಗುಲಾಬಿಯಿಂದ ನೇರ ಬಿಳಿಗೆ ಹೋಗಬೇಕಾಯಿತು, ಅದಕ್ಕೆ ಇಡೀ ಭಾನುವಾರ ಹಿಡಿಯಿತು. ಬಿಳಿ ಹಾಳೆಯ ಮೇಲೆ ಬೂದು ಬಣ್ಣದ ಗೆರೆ ಮೂಡುತ್ತಿದ್ದುದರಿಂದಷ್ಟೇ ಉಕ್ಕು ಸವೆಯುತ್ತಿದೆ ಎಂದು ತಿಳಿಯುತ್ತಿತ್ತು.

ಅಣ್ಣನಿಗೆ ರಜೆ ಸಿಗಲಿಲ್ಲ. ಕತ್ತಿಯನ್ನು ಜೀನ್ಸ್ ತುಂಡಿನಲ್ಲಿ ಸುತ್ತಿ ನಾನೇ ಊರಿಗೆ ಒಯ್ದೆ. ಅಪ್ಪ ಅದನ್ನು ಚರ್ಮದ ಪಟ್ಟಿಯ ಮೇಲೆ ಎಳೆದು, ನನ್ನ ತಲೆಯಿಂದಲೇ ಒಂದು ಕೂದಲು ಕಿತ್ತು, ಗಾಳಿಯಲ್ಲಿ ಹಿಡಿದು ಅಲಗು ತಾಗಿಸಿದ. ಕೂದಲಿನ ತುದಿ ಕೆಳಗೆ ಬಿತ್ತು. ಹಸಿರು ಹಾಳೆ ಹರಿದ ಕಥೆಯನ್ನು ಅಪ್ಪ ಪೂರ್ತಿಯಾಗಿ ಕೇಳಿದ್ದು ಆಮೇಲೆ.

ಚಪ್ಪರದ ಕೆಳಗೆ ಕುದಿಯುವ ನೀರಲ್ಲಿ ಕತ್ತಿ ಅದ್ದುವುದನ್ನು ನೋಡಿ ಗಂಡು, ನೋಯುತ್ತದಾ ಎಂದು ಕೇಳಿದ.

"ನೋಯೋದೆಲ್ಲ ನಾಳೆಯಿಂದ. ಇವತ್ತು ಸುಮ್ನೆ ಕೂತ್ಕೋ," ಎಂದ ಅಪ್ಪ.

ಹೆಂಗಸರು ನಕ್ಕರು. ಗದ್ದದ ಕೆಳಗೂ ಗಾಯವಾಗಲಿಲ್ಲ. ಯಜಮಾನ ಎಲೆ ಅಡಿಕೆ ಕೊಟ್ಟು, ಚಿಕ್ಕ ಮಗನ ಮದುವೆಗೂ ನೀನೇ ಬರಬೇಕು ಎಂದ.

ಚಿಕ್ಕವನ ಮದುವೆ ಕಳೆದ ವರ್ಷ ನಡೆಯಿತು. ಅಪ್ಪನ ಕೈ ಈಗ ನಡುಗುತ್ತದೆ. ಯೂನಿಟ್ ಬಿಟ್ಟು ಊರಿಗೆ ಬಂದಿರುವ ಅಣ್ಣ ಕತ್ತಿಯನ್ನು ಬಿಳಿ ಹಾಳೆಯ ಮೇಲೆ ಎಡಗೈಯಲ್ಲಿ ಮಸೆದ. ಕ್ಷೌರವನ್ನು, ಬೇರೆ ಏನೂ ಬರುವುದಿಲ್ಲ ಎಂದಿದ್ದ ಬಲಗೈಯಲ್ಲೇ ಮಾಡಿದ.